ಸೋಡಾ ನಂಜುಂಡಯ್ಯನವರ ಖಡ್ಗವಿದ್ಯೆ

ಕಡೂರು ಬಸ್ ಸ್ಟ್ಯಾಂಡಿನ ಎದುರು ಗೋಲಿಸೋಡಾ ಮಾರುತ್ತಿದ್ದ ನಂಜುಂಡಯ್ಯನವರು ಬದುಕಿದ್ದಷ್ಟು ದಿನ ಕತ್ತಿ ಅಂತ ಕೈಯಲ್ಲಿ ಹಿಡಿದದ್ದು ನಿಂಬೆಹಣ್ಣು ಕೊಯ್ಯುವುದಕ್ಕೆ ಮಾತ್ರ. ಅದೂ ಹಿಡಿ ಸಡಿಲವಾಗಿ ದಾರ ಸುತ್ತಿದ್ದ ಒಂದು ಚಾಕು. ಅಂಥ ಸಾಧು ಮನುಷ್ಯರು, ಸತ್ತು ಎಷ್ಟೋ ವರ್ಷಗಳಾದ ಮೇಲೆ, ತಾವು ಹೆಸರೂ ಕೇಳಿರದ ನೈರೋಬಿ ಎಂಬ ಊರಿನಲ್ಲಿ ವಿಜಯನಗರ ಕಾಲದ ಖಡ್ಗವಿದ್ಯೆಯ ಕೊನೆಯ ಗುರುಗಳಾಗಿಬಿಟ್ಟರು. ಅವರನ್ನು ಆ ಪೀಠಕ್ಕೆ ಏರಿಸಿದವನು ಬೇರೆ ಯಾರೂ ಅಲ್ಲ, ಸ್ವಂತ ಮೊಮ್ಮಗ ಕೃಷ್ಣಪ್ರಸಾದ.

ಹಾಗಂತ ಕೃಷ್ಣಪ್ರಸಾದ ಸುಳ್ಳುಬುರುಕನಲ್ಲ. ಸುಳ್ಳು ಹಿಡಿಯುವುದೇ ಅವನ ಉದ್ಯೋಗ. ನೈರೋಬಿಯ ನಡುಪೇಟೆ ಸಿಬಿಡಿಯಲ್ಲಿ ಕಚೇರಿ ಇರುವ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಅವನು ದೊಡ್ಡ ಹುದ್ದೆಯಲ್ಲಿದ್ದ. ಯಾವುದೋ ಮೂಲೆಯ ಹಳ್ಳಿಯಲ್ಲಿ ಬಾವಿ ತೋಡಿಸಿದ್ದೇವೆ ಅಂತ ಯಾರಾದರೂ ವರದಿ ಕಳಿಸಿದರೆ, ಇವನು ಜೀಪು ಹತ್ತಿ ಹೋಗಿ, ಬಾವಿಯೊಳಗೆ ಬಗ್ಗಿ ನೋಡಿ, ನೀರಿದೆಯೋ ಇಲ್ಲವೋ ಅಂತ ಬರೆದು ಬರಬೇಕು. ಊರವರ ಬಾವಿಯನ್ನೆಲ್ಲ ಬಗ್ಗಿ ನೋಡಿದವನು ತನ್ನದಕ್ಕೆ ಮುಚ್ಚಳ ಹಾಕಿಕೊಂಡದ್ದೇ ಈ ಕಥೆ.

ಕತ್ತಿಯ ಹುಚ್ಚು ಹಿಡಿಸಿದವಳು ಮಗಳು ಸಮೀಕ್ಷಾ. ಸೌತ್ ಬಿ ಬಡಾವಣೆಯಲ್ಲಿ ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಶಾಲೆಯ ಹಾಲ್ ಇತ್ತು. ಅಲ್ಲಿ ಶನಿವಾರ ಶನಿವಾರ ಯುರೋಪಿನ ಹಳೇ ಕಾಲದ ಕತ್ತಿವರಸೆ ಕಲಿಸುತ್ತಾರೆ ಅಂತ ಕ್ಲಾಸಿನ ಯಾರೋ ಹೇಳಿದ್ದರು. ಹುಡುಗಿಗೆ ಆಗ ಹನ್ನೆರಡು ವರ್ಷ. ಒಬ್ಬಳನ್ನೇ ಕಳಿಸುವುದು ಹೇಗೆ ಅಂತ ಅಪ್ಪನೂ ಹೋದ. "ನೀವೂ ಸ್ವಲ್ಪ ಕುಣೀರಿ, ಹೊಟ್ಟೆ ಕರಗಲಿ" ಎಂದಳು ಹೆಂಡತಿ ಮೃಣಾಲಿನಿ. ಅವಳು ಡಾಕ್ಟರು, ಅವಳ ಮಾತಿಗೆ ಎದುರಿಲ್ಲ. ಬಾಗಿಲಲ್ಲಿ ಕೂತು ಮೊಬೈಲ್ ನೋಡೋಣ ಅಂದುಕೊಂಡು ಹೋದವನು ಮೊದಲ ದಿನವೇ ಎರಡು ಕೈಯಲ್ಲಿ ಹಿಡಿಯುವ ಆ ಉದ್ದನೆಯ ಮೊಂಡು ಕತ್ತಿಯನ್ನು ಎತ್ತಿ ನೋಡಿದ. ಅಷ್ಟೇ, ಆಸಾಮಿ ಬಿದ್ದುಹೋದ.

ಅಲ್ಲಿ ಕಲಿಸುತ್ತಿದ್ದವಳು ಅಚಿಯೆಂಗ್. ಕೆನ್ಯಾದ ಪಶ್ಚಿಮಕ್ಕಿರುವ ಕಿಸುಮು ಕಡೆಯವಳು, ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ಆಳು ಎತ್ತರ, ಧ್ವನಿ ಮೆದು, ನಗು ಜೋರು. ಅವಳ ಹಾಲ್‌ನಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಆಟದಲ್ಲಿ ಪೆಟ್ಟು ಬಿದ್ದರೆ ಬಿದ್ದವರೇ ಎಡಗೈ ಎತ್ತಿ "ನನಗೆ ಬಿತ್ತು" ಅನ್ನಬೇಕು. ಹೊಡೆದವರು ಬಾಯಿ ಬಿಡುವಂತಿಲ್ಲ, ನೋಡಿದವರು ಹೇಳುವಂತಿಲ್ಲ. ಕೈ ಎತ್ತಿದವರಿಗೆ ಎದುರಾಳಿ ಕತ್ತಿ ಇಳಿಸಿ ತಲೆ ಬಗ್ಗಿಸಬೇಕು. "ಇನ್ನೊಬ್ಬರ ಕೈಯನ್ನು ನೀನು ಎತ್ತುವಂತಿಲ್ಲ, ನಿನ್ನದನ್ನು ಮಾತ್ರ" ಅನ್ನುವುದು ಅವಳ ಮಾತು.

ಇನ್ನೊಂದು ಕಟ್ಟಳೆ ಪ್ರಶ್ನಾರ್ಥಕ ಚಿಹ್ನೆಯದು. ಈ ವಿದ್ಯೆಯನ್ನು ಗುರು ಶಿಷ್ಯರಿಗೆ ಹೇಳಿಕೊಟ್ಟು ಉಳಿಸಿದ್ದಲ್ಲ. ಅದು ಎಂದೋ ಸತ್ತುಹೋಗಿತ್ತು. ಹಳೇ ಜರ್ಮನ್ ಪುಸ್ತಕಗಳ ಚಿತ್ರ ನೋಡಿ, ಅರ್ಧಂಬರ್ಧ ಬರಹ ಓದಿ, ಈಗಿನವರು ತಮ್ಮ ಮೈಮೇಲೆ ಪ್ರಯೋಗ ಮಾಡಿ ಎಬ್ಬಿಸಿ ನಿಲ್ಲಿಸಿದ್ದು. ಅಚಿಯೆಂಗ್ ಅದನ್ನು ಮುಚ್ಚಿಡುತ್ತಿರಲಿಲ್ಲ. ಪುಸ್ತಕದಲ್ಲಿ ಇರುವುದನ್ನು ಬೋರ್ಡಿನ ಮೇಲೆ ಹಾಗೇ ಬರೆಯುವಳು. ತಾನು ಊಹಿಸಿದ್ದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುವಳು. "ನನ್ನ ಗುರುವಿನ ಗುರುವಿನಿಂದ ಬಂತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮಗೆಲ್ಲ ತಾತ ಇಲ್ಲ, ನಾವೆಲ್ಲ ಅನಾಥರು" ಅಂತ ನಗುವಳು.

ಅವಳನ್ನು ಬಹಳ ಕಾಡಿದ್ದು ಒಂದು ಹೆಜ್ಜೆ. ಎರಡು ಕತ್ತಿಗಳು ಕಚ್ಚಿಕೊಂಡಾಗ ಹಿಂದಿನ ಕಾಲು ಎಲ್ಲಿ ಹೋಗಬೇಕು? ಚಿತ್ರ ಒಂದು ಹೇಳುತ್ತದೆ, ಪಕ್ಕದ ಬರಹ ಇನ್ನೊಂದು ಹೇಳುತ್ತದೆ. ಅಚಿಯೆಂಗ್ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಎಡಗಾಲನ್ನು ಹಿಂದಿನಿಂದ ಬೀಸಿ ಅಡ್ಡಕ್ಕೆ ಇಟ್ಟು, ಹಿಮ್ಮಡಿ ಎತ್ತಿ ಮೈ ತಿರುಗಿಸಬೇಕು ಅಂತ ತೀರ್ಮಾನಿಸಿದ್ದಳು. ನೋಡುವುದಕ್ಕೆ ಬಲು ಚಂದ. ಆದರೂ ಅದರ ಪಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇತ್ತು. ಬೇರೆ ದೇಶದ ಕತ್ತಿಯವರು ಕಂಪ್ಯೂಟರಿನ ಪರದೆಯಲ್ಲಿ ಅದನ್ನು ನೋಡಿ, ಇದು ನಿನ್ನ ಕಲ್ಪನೆ ಅಂತ ನಕ್ಕಿದ್ದರಂತೆ. ಹೇಳುವಾಗ ಅವಳು ತಾನೂ ನಗುತ್ತಿದ್ದಳು, ಆದರೆ ನೊಂದಿದ್ದಳು.

ಇಷ್ಟು ಗೊತ್ತಿದ್ದೂ ಕೃಷ್ಣಪ್ರಸಾದ ಮಾಡಿದ್ದನ್ನು ಮಾಡಿದ.

ಶುರುವಾದದ್ದು ಕತ್ತಿ ಹಿಡಿದು ಎರಡು ವರ್ಷವಾದ ಮೇಲೆ, ಆಯುಧ ಪೂಜೆಯ ದಿನ. ನ್ಗಾರಾ ಬಡಾವಣೆಯಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಕನ್ನಡ ಬಳಗದವರು ಹಬ್ಬ ಮಾಡುತ್ತಾರೆ. ಪೂಜೆಗೆ ಲ್ಯಾಪ್‌ಟಾಪು, ಕಾರಿನ ಕೀ, ಸ್ಟೆತೊಸ್ಕೋಪು, ಯಾರದೋ ಮನೆಯ ಮಿಕ್ಸಿ, ಎಲ್ಲ ಸಾಲಾಗಿ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತವೆ. "ಅಪ್ಪಾ, ನಮ್ಮ ಹತ್ರ ರಿಯಲ್ ಆಯುಧ ಇದೆಯಲ್ಲ!" ಅಂದಳು ಸಮೀಕ್ಷಾ. ಅಪ್ಪನಿಗೂ ಹುರುಪು ಬಂತು. ಕ್ಲಬ್ಬಿನ ಕತ್ತಿಯನ್ನು ಅಚಿಯೆಂಗಳಿಂದ ಕೇಳಿ ತಂದು ಮಿಕ್ಸಿಯ ಪಕ್ಕದಲ್ಲಿ ಇಟ್ಟ.

ಜನ ಮುತ್ತಿಕೊಂಡರು. ಬಳಗದ ಅಧ್ಯಕ್ಷೆ ಜಯಲಕ್ಷ್ಮಿ, ನಿವೃತ್ತ ಲೆಕ್ಚರರ್, ನೈರೋಬಿಗೆ ಬಂದು ನಲವತ್ತು ವರ್ಷವಾದವರು, ಕತ್ತಿಯ ತುದಿ ಮುಟ್ಟಿ ನೋಡಿದರು. "ಏನ್ರೀ ಇದು ಕೃಷ್ಣಪ್ರಸಾದ್, ಎಲ್ಲಿ ಸಿಕ್ತು?" ಅವನು ಸಡಗರದಿಂದ ಹೇಳಿದ. ಜರ್ಮನಿ, ಮಧ್ಯಯುಗ, ಶನಿವಾರ, ಶಾಲೆಯ ಹಾಲ್. ಹೇಳುತ್ತಾ ಹೋದ ಹಾಗೆ ಎದುರಿನ ಮುಖಗಳು ಚಪ್ಪೆಯಾದವು. ಹಿಂದಿನಿಂದ ಧನಂಜಯ ಎಂಬ ಬಾಯಿಬಡುಕ, "ಅಲ್ಲ ಸ್ವಾಮಿ, ಇಂಡಿಯಾದಿಂದ ಆಫ್ರಿಕಾಕ್ಕೆ ಬಂದು ಬಿಳಿಯರ ಕತ್ತಿ ಬೀಸ್ತೀರಾ? ನಮ್ಮೋರ ಕೈಯಲ್ಲೇನು ಸೌಟಿತ್ತಾ?" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಜಯಲಕ್ಷ್ಮಿಯವರೂ ನಕ್ಕರು.

ನಲವತ್ತೈದು ದಾಟಿದ ಗಂಡಸು, ಮಗಳ ಎದುರಿಗೆ, ಕುಂಕುಮ ಹಚ್ಚಿದ ಕತ್ತಿಯ ಪಕ್ಕದಲ್ಲಿ ಪೆಚ್ಚಾಗಿ ನಿಂತ. ನಾಚಿಕೆ ಅನ್ನುವುದು ಕೆಟ್ಟ ಸಲಹೆಗಾರ, ಅದು ಯಾವತ್ತೂ ಹತ್ತಿರದ ದಾರಿಯನ್ನೇ ತೋರಿಸುತ್ತದೆ. "ಕತ್ತಿ ಅವರದ್ದು ಅಷ್ಟೇ ಮೇಡಂ, ವಿದ್ಯೆ ನಮ್ಮದೇ" ಅಂದುಬಿಟ್ಟ. "ನಮ್ಮ ತಾತ ಹೇಳ್ಕೊಡ್ತಿದ್ರು. ವಿಜಯನಗರದ ಕಾಲದಿಂದ ನಮ್ಮ ಮನೇಲಿ ಬಂದಿದ್ದು."

ನಗು ನಿಂತಿತು. ಎಲ್ಲರ ಕಣ್ಣು ಅರಳಿತು. ಧನಂಜಯನೇ "ಹೌದೇನ್ರೀ!" ಅಂತ ಕೈ ಮುಗಿದ. ಕೋಸಂಬರಿ ತಟ್ಟೆ ಹಿಡಿದು ನಿಂತಿದ್ದ ಸಮೀಕ್ಷಾ ಅಪ್ಪನ ಮುಖ ನೋಡಿದಳು, ಆಮೇಲೆ ತಟ್ಟೆ ನೋಡಿದಳು. ಜಯಲಕ್ಷ್ಮಿಯವರು ಅಲ್ಲೇ ಘೋಷಿಸಿಬಿಟ್ಟರು. ಬರುವ ರಾಜ್ಯೋತ್ಸವಕ್ಕೆ ತಂದೆ ಮಗಳು ಸೇರಿ ಈ ವಿದ್ಯೆಯನ್ನು ಪ್ರದರ್ಶಿಸಬೇಕು. ಮಾತು ಬಾಯಿಂದ ಜಾರಿ ಅರ್ಧ ಗಳಿಗೆಯೂ ಆಗಿರಲಿಲ್ಲ, ಸುಳ್ಳಿಗೆ ಆಗಲೇ ವೇದಿಕೆ ಸಿದ್ಧವಾಗಿತ್ತು.

ದಾರಿಯಲ್ಲಿ ಕಾರಿನಲ್ಲಿ ಸಮೀಕ್ಷಾ ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಮುತ್ತಜ್ಜ ಸೋಡಾ ಮಾರ್ತಿದ್ರು ಅಂತ ನೀನೇ ಹೇಳಿದ್ದೆಯಲ್ಲ?"

"ಹೌದು ಪುಟ್ಟಾ. ಇದು ಸುಮ್ನೆ, ಸ್ಟೇಜಿಗೆ. ನಾಟಕದ ಹಾಗೆ."

"ಅವರಿಗೆ ನಾಟಕ ಅಂತ ಗೊತ್ತಾ?"

ಕೃಷ್ಣಪ್ರಸಾದ ಮುಂದೆ ಜನ ತುಂಬಿಕೊಂಡು ಹೋಗುತ್ತಿದ್ದ ಮಟಾಟು ವ್ಯಾನಿಗೆ ಸುಮ್ಮನೆ ಹಾರ್ನ್ ಹೊಡೆದ.

ಆಮೇಲಿನ ದಿನಗಳಲ್ಲಿ ಅವನು ಮಾಡಿದ ತಯಾರಿ ನೋಡಿದರೆ ನಂಜುಂಡಯ್ಯನವರು ಸೋಡಾ ಬಾಟಲಿಯಲ್ಲೇ ಹೊಡೆಯುತ್ತಿದ್ದರು. ಅಚಿಯೆಂಗ್ ಕಲಿಸಿದ ನಿಲುವುಗಳಿಗೆ ಪುಸ್ತಕದಲ್ಲಿ ರೈತಾಪಿ ಹೆಸರುಗಳಿದ್ದವು. ಎತ್ತು, ನೇಗಿಲು, ಸೂರು, ಪೆದ್ದ. ಎತ್ತು ವೃಷಭಭಂಗಿಯಾಯಿತು. ನೇಗಿಲು ಹಲಧರಭಂಗಿಯಾಯಿತು. ಸೂರಿಗೆ ಗೋಪುರಭಂಗಿ ಅಂತ ನಾಮಕರಣವಾಯಿತು. ಕತ್ತಿಯ ತುದಿಯನ್ನು ನೆಲಕ್ಕೆ ಇಳಿಸಿ, ಹೊಡಿ ಬಾ ಅನ್ನುವ ಹಾಗೆ ಎದೆ ತೆರೆದು ನಿಲ್ಲುವ ಪೆದ್ದನಿಗೆ ಮಾತ್ರ ಗಂಭೀರವಾದ ಹೆಸರು ಹೊಳೆಯದೆ ಅವನನ್ನು ಕಾರ್ಯಕ್ರಮದಿಂದಲೇ ಕೈಬಿಟ್ಟ.

ಮಗಳಿಗೆ ಒಂದು ವಾಕ್ಯ ಕಲಿಸಿದ. ಪ್ರದರ್ಶನದ ಮೊದಲು ಅವಳು ಮೈಕಿನಲ್ಲಿ ಹೇಳಬೇಕು: "ಇದು ನಮ್ಮ ಮುತ್ತಜ್ಜ ನಮಗೆ ಕೊಟ್ಟ ವಿದ್ಯೆ." ಹುಡುಗಿಗೆ 'ಮುತ್ತಜ್ಜ'ದ ಒತ್ತು ಸಿಗುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಕೂತು ಅವಳು ಹೇಳುತ್ತಿದ್ದಳು, ಅವನು ತಿದ್ದುತ್ತಿದ್ದ. ಇಷ್ಟು ವರ್ಷ ಕನ್ನಡ ಮಾತಾಡು ಅಂತ ಗೋಗರೆದರೂ ಮಾತಾಡದ ಹುಡುಗಿ ಈಗ ಸಾಲನ್ನು ಬಾಯಿಪಾಠ ಮಾಡುವುದು ಕೇಳಿ ಅವನಿಗೆ ಒಳಗೊಳಗೇ ಸಂತೋಷವೂ ಆಯಿತು. ಆ ಸಂತೋಷವನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಪ್ರದರ್ಶನಕ್ಕೆ ಕತ್ತಿ, ಮಾಸ್ಕ್, ಕೈಗವಸು ಎಲ್ಲ ಬೇಕು. ಎಲ್ಲವೂ ಕ್ಲಬ್ಬಿನದು. ಕೇಳಿದಾಗ ಅಚಿಯೆಂಗ್, "ನಾನೇ ತರುತ್ತೇನೆ, ನನ್ನ ವಿದ್ಯಾರ್ಥಿಗಳ ಮೊದಲ ಸ್ಟೇಜ್ ನೋಡಬೇಡವೇ?" ಅಂದಳು. ಬೇಡ ಅನ್ನಲು ಅವನಿಗೆ ಕಾರಣ ಸಿಗಲಿಲ್ಲ. ಎಲ್ಲವೂ ಕನ್ನಡದಲ್ಲಿ ನಡೆಯುತ್ತದೆ, ಅವಳಿಗೇನು ತಿಳಿಯುತ್ತದೆ ಅಂತ ಸಮಾಧಾನ ಹೇಳಿಕೊಂಡ. ತಾಯ್ನುಡಿಯನ್ನು ಸುಳ್ಳು ಬಚ್ಚಿಡುವ ಪೆಟ್ಟಿಗೆ ಮಾಡಿಕೊಂಡಿದ್ದೇನೆ ಅಂತ ಆ ಹೊತ್ತಿನಲ್ಲಿ ಅವನಿಗೆ ಅನ್ನಿಸಲೇ ಇಲ್ಲ.

ರಾಜ್ಯೋತ್ಸವದ ದಿನ ಹಾಲ್ ತುಂಬಿತ್ತು. ಮೃಣಾಲಿನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಅದೂ ಒಳ್ಳೆಯದೇ ಆಯಿತು ಅಂದುಕೊಂಡ. ಅವಳಿಗೆ ರಾಜ್ಯೋತ್ಸವಕ್ಕೆ ಕತ್ತಿ ಆಟ ಅಂತ ಮಾತ್ರ ಹೇಳಿದ್ದ, ತಾತನ ವಿಷಯ ಎತ್ತಿರಲಿಲ್ಲ. ಸಮೀಕ್ಷಾ ಕೆಂಪು ಹಳದಿ ಶಾಲು ಹೊದ್ದು ಮೈಕಿನ ಮುಂದೆ ನಿಂತು, ಒತ್ತೂ ತಪ್ಪದೆ, ತನ್ನ ವಾಕ್ಯ ಹೇಳಿದಳು. ಚಪ್ಪಾಳೆಯೋ ಚಪ್ಪಾಳೆ. "ನೋಡಿ, ಇಲ್ಲೇ ಹುಟ್ಟಿದ ಮಗು ಎಷ್ಟು ಚೆನ್ನಾಗಿ ಕನ್ನಡ ಹೇಳ್ತು" ಅಂತ ಹೆಂಗಸರು ಕಣ್ಣೊರೆಸಿಕೊಂಡರು. ಸಮೀಕ್ಷಾ ನಗಲಿಲ್ಲ, ಮಾಸ್ಕ್ ಹಾಕಿಕೊಂಡುಬಿಟ್ಟಳು.

ಕೃಷ್ಣಪ್ರಸಾದ ಒಂದೊಂದು ಭಂಗಿಯ ಹೆಸರು ಹೇಳಿ ಹೇಳಿ ತೋರಿಸಿದ. ಆಗ ಕಣ್ಣು ಮುಂದಿನ ಸಾಲಿಗೆ ಹೋಯಿತು. ಜಯಲಕ್ಷ್ಮಿಯವರು ಅತಿಥಿಸತ್ಕಾರದಲ್ಲಿ ಎತ್ತಿದ ಕೈ. ಬಂದವಳಿಗೆ ಭಾಷೆ ತಿಳಿಯದಲ್ಲ ಅಂತ ಅಚಿಯೆಂಗಳ ಪಕ್ಕದಲ್ಲೇ ಕೂತು, ಕಿವಿಯ ಹತ್ತಿರ ಬಾಗಿ, ಪ್ರತಿಯೊಂದನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಾತ, ವಿಜಯನಗರ, ಮನೆತನ, ಒಂದನ್ನೂ ಬಿಡದೆ. ಅಚಿಯೆಂಗ್ ಬಾಯಿ ಅರ್ಧ ತೆರೆದು ಇವನನ್ನೇ ನೋಡುತ್ತಿದ್ದಳು.

ಮುಂದಿನ ಭಂಗಿಯ ಹೆಸರು ಅವನಿಗೆ ಮರೆತುಹೋಯಿತು. ಕೈ ಮಾತ್ರ ಅಭ್ಯಾಸಬಲದಿಂದ ನಡೆಯುತ್ತಿತ್ತು. ಮಗಳ ಕತ್ತಿಗೆ ಕತ್ತಿ ಕಚ್ಚಿತು, ಎಡಗಾಲು ತಾನಾಗಿ ಹಿಂದಿನಿಂದ ಬೀಸಿ ಅಡ್ಡಕ್ಕೆ ಬಂತು, ಹಿಮ್ಮಡಿ ಎದ್ದಿತು, ಮೈ ತಿರುಗಿತು. ಸಭೆ ಓಹೋ ಅಂದಿತು. ಮುಂದಿನ ಸಾಲಿನಲ್ಲಿ ಅಚಿಯೆಂಗ್ ಕುರ್ಚಿಯಿಂದ ಎದ್ದು ನಿಂತಿದ್ದಳು.

ಮುಗಿಯಿತು, ಈಗ ಎಲ್ಲರೆದುರು ಮಾನ ಹೋಗುತ್ತದೆ ಅಂದುಕೊಂಡು ಅವನು ಸ್ಟೇಜಿನ ಹಿಂದೆ, ಪೇರಿಸಿಟ್ಟ ಕುರ್ಚಿಗಳ ಹತ್ತಿರ, ಬಿಸಿಬೇಳೆಬಾತಿನ ಘಮದಲ್ಲಿ ಬೆವರುತ್ತ ನಿಂತ. ಅಚಿಯೆಂಗ್ ಓಡಿಬಂದಳು. ಅವಳ ಕಣ್ಣಲ್ಲಿ ನೀರಿತ್ತು. ಬಂದವಳೇ ಅವನ ಎರಡೂ ಕೈ ಹಿಡಿದುಕೊಂಡಳು.

"ಆ ಕಾಲು! ಆ ಎಡಗಾಲು! ನಿನ್ನ ತಾತನೂ ಹಾಗೇ ಇಡುತ್ತಿದ್ದರಾ?"

ಇಲ್ಲ ಅನ್ನಲು ಒಂದು ಕ್ಷಣವಿತ್ತು. ಆ ಕ್ಷಣದಲ್ಲಿ ಜಯಲಕ್ಷ್ಮಿಯವರೂ ಬಂದು ಪಕ್ಕದಲ್ಲಿ ನಿಂತು ನಗುತ್ತಿದ್ದರು. ಕೃಷ್ಣಪ್ರಸಾದ ತಲೆ ಆಡಿಸಿದ. ಹೌದೋ ಅಲ್ಲವೋ ತಿಳಿಯದ ಹಾಗೆ ಆಡಿಸಿದ. ಅಚಿಯೆಂಗ್ ಹೌದು ಅಂತ ತಿಳಿದಳು.

"ನಾನು ನನ್ನ ತಲೆಯಿಂದ ಕಲ್ಪಿಸಿದ್ದು ಅಂತ ಎಲ್ಲರೂ ನಗುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಇನ್ನೊಂದು ಖಂಡದಲ್ಲಿ, ಬದುಕಿರುವ ಒಂದು ಮನೆತನದಲ್ಲಿ, ಅದೇ ಹೆಜ್ಜೆ! ಮನುಷ್ಯರ ಮೈ ಎಲ್ಲ ಕಡೆಯೂ ಒಂದೇ ಸತ್ಯ ಹೇಳುತ್ತದೆ ಕೃಷ್." ಆಮೇಲೆ ಧ್ವನಿ ತಗ್ಗಿಸಿ ಅಂದಳು: "ಎರಡು ವರ್ಷ ನನ್ನೆದುರು ಏನೂ ತಿಳಿಯದವನ ಹಾಗೆ ನಿಂತು ಕಲಿತೆಯಲ್ಲ. ನನಗೆ ಬೇಜಾರಾಗಬಾರದು ಅಂತ ತಾನೇ? ಎಂಥ ದೊಡ್ಡ ಮನಸ್ಸು ನಿನ್ನದು. ಅಸಾಂಟೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕೆನ್ನೆಗೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಅವಳು ಕೃತಜ್ಞತೆ ಹೇಳಿದಳು. ನೆಲ ಬಾಯಿಬಿಟ್ಟು ನುಂಗಬಾರದೇ ಅಂತ ಹಿರಿಯರು ಅನ್ನುತ್ತಿದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು. ನ್ಗಾರಾದ ಆ ನೆಲ ಗಟ್ಟಿ ಸಿಮೆಂಟಿನದು, ಬಾಯಿ ಬಿಡಲಿಲ್ಲ.

ಮನೆಗೆ ಹೋಗುವಾಗ ಸಮೀಕ್ಷಾ ಹಿಂದಿನ ಸೀಟಿನಲ್ಲಿ ಕೂತಳು. ಯಾವಾಗಲೂ ಮುಂದೆ ಕೂರುವವಳು. ಬಹಳ ದೂರ ಹೋದ ಮೇಲೆ ಇಂಗ್ಲಿಷಿನಲ್ಲಿ ಅಂದಳು: "ಅಪ್ಪಾ, ನಾನು ಕನ್ನಡದಲ್ಲಿ ಎಲ್ಲರ ಮುಂದೆ ಹೇಳಿದ ಮೊದಲನೇ ಮಾತು ಅದು. ಸುಳ್ಳು."

ಕೃಷ್ಣಪ್ರಸಾದ ಎದುರಿನ ಕನ್ನಡಿಯನ್ನು ಅವಳ ಮುಖ ಕಾಣದ ಹಾಗೆ ತಿರುಗಿಸಿಕೊಂಡ.

ಮುಂದಿನ ಶನಿವಾರ ಹಾಲ್‌ಗೆ ಹೋದಾಗ ಬೋರ್ಡಿನ ಮೇಲೆ ಆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಅಚಿಯೆಂಗ್ ಅದನ್ನು ಅಳಿಸಿದ್ದಳು. ಎಲ್ಲರನ್ನೂ ನೆಲದ ಮೇಲೆ ಕೂರಿಸಿ, ತಾನೂ ಹೊಸಬರ ಸಾಲಿನಲ್ಲಿ ಮಂಡಿ ಮಡಚಿ ಕೂತು, "ಇವತ್ತು ಕೃಷ್ ಹೇಳಿಕೊಡುತ್ತಾನೆ. ನಮಗೂ ಒಬ್ಬ ತಾತ ಸಿಕ್ಕಿದ್ದಾನೆ" ಅಂದಳು. ಜನವರಿಯ ಕೊನೆಗೆ ಬೇರೆ ದೇಶದ ಕ್ಲಬ್ಬಿನವರಿಗೆಲ್ಲ ಆ ಹೆಜ್ಜೆಯ ಬಗ್ಗೆ ಆನ್‌ಲೈನಿನಲ್ಲಿ ಮಾತಾಡುತ್ತಾಳಂತೆ. ನಂಜುಂಡಯ್ಯ ಅನ್ನುವ ಹೆಸರನ್ನು ಸರಿಯಾಗಿ ಉಚ್ಚರಿಸುವುದು ಹೇಗೆ ಅಂತ ಕೇಳಿದಳು.

ಹೇಳಬೇಕಿತ್ತು. ಆ ದಡ್ಡ ಹೇಳಲಿಲ್ಲ, ಹೇಳಿಕೊಟ್ಟ! ಎದ್ದು ನಿಂತು, ಅವಳ ಹೆಜ್ಜೆಯನ್ನು ಅವಳಿಗೇ ಹೇಳಿಕೊಟ್ಟ. "ಹಿಮ್ಮಡಿ ಇನ್ನೂ ಸ್ವಲ್ಪ ಮೇಲೆ" ಅಂತ ತಿದ್ದಿದ ಕೂಡ. ಅಚಿಯೆಂಗ್ ವಿಧೇಯಳಾಗಿ ಹಿಮ್ಮಡಿ ಎತ್ತಿದಳು. ಬಾಗಿಲ ಹತ್ತಿರ ನಿಂತಿದ್ದ ಸಮೀಕ್ಷಾ ಕೈಗವಸು ಕಳಚಿ ಚೀಲಕ್ಕೆ ಹಾಕಿದಳು. ಅದರ ಮಾರನೆ ವಾರದಿಂದ ಅವಳು ಬರುವುದನ್ನು ನಿಲ್ಲಿಸಿದಳು. ಹೊಟ್ಟೆನೋವು ಅಂದಳು, ಪರೀಕ್ಷೆ ಅಂದಳು, ಆಮೇಲೆ ಏನೂ ಅನ್ನಲಿಲ್ಲ.

ಮೃಣಾಲಿನಿಗೆ ವಿಷಯ ತಿಳಿದದ್ದು ಜಯಲಕ್ಷ್ಮಿಯವರ ಫೋನಿನಿಂದ. ನಿಮ್ಮ ಮಾವನವರ ತಂದೆಯ ಫೋಟೊ ಇದ್ದರೆ ಕೊಡಿ, ಬಳಗದ ಕ್ಯಾಲೆಂಡರಿಗೆ ಹಾಕಿಸೋಣ ಅಂದರಂತೆ. ಫೋನಿಟ್ಟು ಬಂದು ಗಂಡನ ಎದುರು ಕೂತಳು.

"ಅವರದ್ದು ಇರೋದು ಒಂದೇ ಫೋಟೊ. ಸೋಡಾ ಮೆಷೀನ್ ಪಕ್ಕ ನಿಂತಿರೋದು. ಕಳಿಸ್ಲಾ?"

"ಮೃಣಾಲಿನಿ, ಬಾಯಿ ತಪ್ಪಿ ಬಂದ್ಬಿಡ್ತು ಕಣೇ."

"ಬಾಯಿ ತಪ್ಪಿ ಒಂದು ಮಾತು ಬರುತ್ತೆ ರೀ. ಕತ್ತಿ, ಶಾಲು, ಮಗಳು, ಇಷ್ಟೆಲ್ಲ ಬಾಯಿ ತಪ್ಪಿ ಬರಲ್ಲ." ಏಳುತ್ತ ಹೇಳಿದಳು: "ಆ ಮುದುಕ ಸೋಡಾ ಮಾರಿ ನಿಮ್ಮಪ್ಪನ್ನ ಓದಿಸಿದ್ರು. ನಿಮಗೆ ಅವರು ಸಾಲಲಿಲ್ವಾ?"

ಅದು ನಾಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ತಾತನೇ ಹೇಳುತ್ತಿದ್ದರು. ಗೋಲಿ ಒತ್ತಿ, ಸೋಡಾ ಬುಸ್ಸೆಂದ ಮೇಲೆ, ಮೊದಲ ಗುಟುಕನ್ನು ಮೊಮ್ಮಗನಿಗೇ ಕುಡಿಸುತ್ತಿದ್ದರು. ಅಂಥವರ ಬಗ್ಗೆ ತನಗೆ ನಾಚಿಕೆ ಇತ್ತೆಂಬುದು ಕೃಷ್ಣಪ್ರಸಾದನಿಗೆ ಆವರೆಗೆ ತಿಳಿದೇ ಇರಲಿಲ್ಲ. ಸೌಟು ಅಂತ ಧನಂಜಯ ನಕ್ಕಾಗ ಇವನಿಗೆ ಕಂಡದ್ದು ಸೋಡಾ ಮೆಷೀನು. ಅದನ್ನು ಮುಚ್ಚುವುದಕ್ಕೇ ಕತ್ತಿ ಎತ್ತಿದ್ದ.

ಕ್ರಿಸ್‌ಮಸ್ ರಜೆಗೆ ಕ್ಲಬ್ ಮುಚ್ಚುವ ಮುಂಚಿನ ಶನಿವಾರ, ಎಲ್ಲರೂ ಹೋದ ಮೇಲೆ, ಅಚಿಯೆಂಗ್ ಮೆಟ್ಟಿಲ ಮೇಲೆ ಕೂತು ಕಾಗದದ ಪೊಟ್ಟಣದಿಂದ ಮಂದಾಜಿ ತೆಗೆದು ತಿನ್ನುತ್ತಿದ್ದಳು. ಮಂದಾಜಿ ಅಂದರೆ ನಮ್ಮ ಬನ್ಸಿನ ಕಡೆಯ ನೆಂಟ, ಎಣ್ಣೆಯಲ್ಲಿ ಕರಿದದ್ದು. ಇವನಿಗೂ ಒಂದು ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಹೇಳಿದ. ನನ್ನ ತಾತ ಸೋಡಾ ಮಾರುತ್ತಿದ್ದರು. ಅವರಿಗೆ ಕತ್ತಿ ಗೊತ್ತಿರಲಿಲ್ಲ. ನಾನು ಸುಳ್ಳು ಹೇಳಿದೆ.

ಅಚಿಯೆಂಗ್ ಮೊದಲು ನಕ್ಕಳು, ತಮಾಷೆ ಅಂದುಕೊಂಡು. ಆಮೇಲೆ ಅವನ ಮುಖ ನೋಡಿದಳು.

"ಹಾಗಾದರೆ ಆ ಕಾಲು?"

"ನಿನ್ನದೇ. ನೀನು ಕಲಿಸಿದ್ದನ್ನೇ ಮಾಡಿದೆ."

ಅವಳು ಅರ್ಧ ತಿಂದ ಮಂದಾಜಿಯನ್ನು ಪೊಟ್ಟಣದೊಳಗೆ ಇಟ್ಟು ಬಾಯಿ ಮಡಚಿದಳು. ಎದ್ದು ಒಳಗೆ ಹೋದಳು. ಅವನೂ ಹಿಂದೆ ಹೋದ. ಅವಳು ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತು, ಮಾರ್ಕರ್ ತೆಗೆದು, ಆ ಹೆಜ್ಜೆಯ ಪಕ್ಕದಲ್ಲಿ ಮತ್ತೆ ಪ್ರಶ್ನಾರ್ಥಕ ಚಿಹ್ನೆ ಬರೆದಳು. ಮೊದಲಿದ್ದದ್ದಕ್ಕಿಂತ ಚಿಕ್ಕದಾಗಿ ಬರೆದಳು. ಇವನ ಕಡೆಗೆ ಬೆನ್ನು ಹಾಕಿಕೊಂಡೇ ಕೇಳಿದಳು: "ಹಿಮ್ಮಡಿ ಇನ್ನೂ ಮೇಲೆ ಅಂದೆಯಲ್ಲ, ಅದು?"

"ಅದು... ಸುಮ್ಮನೆ ಅಂದೆ."

"ನಾನು ಆವತ್ತಿನಿಂದ ಎಲ್ಲರಿಗೂ ಹಾಗೇ ಕಲಿಸುತ್ತಿದ್ದೇನೆ" ಅಂದಳು ಅಚಿಯೆಂಗ್.

ಕ್ಷಮಿಸು ಅಂದ. ಅವಳು ಕತ್ತಿಗಳನ್ನು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಇಟ್ಟಳು. ಆಯುಧ ಪೂಜೆಯ ಕತ್ತಿಯ ಹಿಡಿಯ ಹತ್ತಿರ ಕುಂಕುಮದ ತೇವಕ್ಕೆ ಒಂದು ತುಕ್ಕಿನ ಕಲೆ ಉಳಿದಿತ್ತು. ಮನೆತನದ ಗುರುತು, ಇರಲಿ ಅಂತ ಅವಳು ಅದನ್ನು ಉಜ್ಜದೆ ಬಿಟ್ಟಿದ್ದಳು. ಈಗ ಉಜ್ಜತೊಡಗಿದಳು. ಉಜ್ಜುತ್ತಲೇ ಹೇಳಿದಳು: "ನನಗೆ ಹೇಳಿದೆ. ಸರಿ. ಅಲ್ಲಿ ಚಪ್ಪಾಳೆ ಹೊಡೆದರಲ್ಲ, ಅವರಿಗೆ ಯಾರು ಹೇಳುತ್ತಾರೆ? ನನಗೆ ನಿಮ್ಮ ಭಾಷೆ ಬರುವುದಿಲ್ಲ. ನಿನ್ನ ಕೈಯನ್ನು ನಾನು ಎತ್ತುವಂತೆಯೂ ಇಲ್ಲ."

ಹೇಳುತ್ತೇನೆ ಅಂದ ಕೃಷ್ಣಪ್ರಸಾದ.

ಸಂಕ್ರಾಂತಿ ಬಂತು. ಅದೇ ನ್ಗಾರಾ, ಅದೇ ಹಾಲ್. ಎಳ್ಳು ಬೆಲ್ಲದ ಪೊಟ್ಟಣಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಂತ ಹೆಂಗಸರು ಕೊಡುತ್ತಿದ್ದರು. ಜಯಲಕ್ಷ್ಮಿಯವರಿಗೆ ಅಚಿಯೆಂಗಳ ಮೇಲೆ ಪ್ರೀತಿ ಬೆಳೆದಿತ್ತು, ಅವಳನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ತಾತನ ಸುಳ್ಳಿನ ಬಗ್ಗೆ ಅಚಿಯೆಂಗ್ ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಮೃಣಾಲಿನಿ ಮಗಳ ಜೊತೆ ಮೂರನೇ ಸಾಲಿನಲ್ಲಿದ್ದಳು. ಕಾರ್ಯಕ್ರಮದ ನಡುವೆ ಕೃಷ್ಣಪ್ರಸಾದ ಎರಡು ಮಾತಾಡಲು ಅವಕಾಶ ಕೇಳಿ ಮೈಕ್ ಹಿಡಿದ. "ನಮ್ಮ ಖಡ್ಗಗುರುಗಳು ಬರ್ತಿದ್ದಾರೆ" ಅಂತ ಧನಂಜಯ ಶಿಳ್ಳೆ ಹೊಡೆದ.

ಒಂದು ವಾಕ್ಯ ಸಾಕಿತ್ತು. ಸ್ನಾನದ ಮನೆಯಲ್ಲಿ ಅದನ್ನು ಎಷ್ಟು ಸಲ ಹೇಳಿಕೊಂಡಿದ್ದನೋ. ಎದುರಿಗೆ ಅಷ್ಟೊಂದು ನಗುವ ಮುಖ ಕಂಡದ್ದೇ ತಡ, ಕಚೇರಿಯ ಭಾಷೆ ಬಾಯಿಗೆ ಬಂತು. "ಬಂಧುಗಳೇ, ರಾಜ್ಯೋತ್ಸವದ ಪ್ರದರ್ಶನದ ಬಗ್ಗೆ ಒಂದು ಸಣ್ಣ ಸ್ಪಷ್ಟೀಕರಣ. ಪರಂಪರೆ ಅನ್ನೋದು ಒಂದು ವಿಶಾಲವಾದ ಪರಿಕಲ್ಪನೆ. ಕೆಲವು ವಿವರಗಳಿಗೆ ಲಿಖಿತ ಆಧಾರ ಇನ್ನೂ ಸಿಕ್ಕಿಲ್ಲ. ಮುಂದೆ ಸಂಶೋಧನೆ ನಡೆದಾಗ..." ಸಭೆ ಭಕ್ತಿಯಿಂದ ತಲೆದೂಗಿತು. ಎಂಥ ವಿನಯ ನೋಡಿ ಅಂತ ಯಾರೋ ಅಂದರು. ಬೇರೆಯವರ ವರದಿಯಲ್ಲಿ ಇಂಥ ಸಾಲು ಬಂದರೆ ಕೆಂಪು ಗೆರೆ ಎಳೆಯುವವನು, ತಾನೇ ಸಾಲಿನ ಮೇಲೆ ಸಾಲು ಹೆಣೆಯುತ್ತ ನಿಂತಿದ್ದ. ನಿಲ್ಲಿಸಲು ಬರುತ್ತಿರಲಿಲ್ಲ.

ಮೂರನೇ ಸಾಲಿನಿಂದ ಸಮೀಕ್ಷಾ ಎದ್ದಳು. ಮೆಟ್ಟಿಲು ಹತ್ತಿ ಬಂದು ಅಪ್ಪನಿಂದ ಸ್ವಲ್ಪ ದೂರದಲ್ಲಿ ನಿಂತಳು. ಮೈಕ್ ಕೇಳಲಿಲ್ಲ. ಎಡಗೈಯನ್ನು ನೇರವಾಗಿ ಮೇಲೆತ್ತಿದಳು.

"ಅವತ್ತು ನಾನು ಹೇಳಿದ್ದು ಸುಳ್ಳು" ಅಂದಳು, ಕನ್ನಡದಲ್ಲಿ. ಈ ವಾಕ್ಯವನ್ನು ಯಾರೂ ಕಲಿಸಿರಲಿಲ್ಲ. ತಡವರಿಸುತ್ತ ಮುಂದಿನದನ್ನು ಹುಡುಕಿದಳು. "ನಮ್ಮ ಮುತ್ತಜ್ಜ... ಗೋಲಿ ಸೋಡಾ ಮಾಡ್ತಾ ಇದ್ರು. ಕತ್ತಿ ನಂಗೆ ಕಲಿಸಿದ್ದು ಅಚಿಯೆಂಗ್. ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೇಳ್ದೆ. ಸಾರಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಧನಂಜಯನ ಬಾಯಲ್ಲಿ ಎಳ್ಳುಬೆಲ್ಲ ಹಾಗೇ ಇತ್ತು. ಜಯಲಕ್ಷ್ಮಿಯವರು ಅಭ್ಯಾಸದಂತೆ ಅಚಿಯೆಂಗಳ ಕಿವಿಯ ಕಡೆ ಬಾಗಿದರು, ಬಾಯಿ ತೆರೆದರು, ಏನನ್ನು ಅನುವಾದಿಸುವುದು ಅಂತ ತೋಚದೆ ಮುಚ್ಚಿದರು. ಅಚಿಯೆಂಗಳಿಗೆ ಅನುವಾದ ಬೇಕಿರಲಿಲ್ಲ. ಅವಳು ಆ ಎತ್ತಿದ ಕೈಯನ್ನು ನೋಡಿ ಎದ್ದು ನಿಂತು, ಹಾಲ್‌ನಲ್ಲಿ ಮಾಡುವಂತೆಯೇ, ಹುಡುಗಿಗೆ ತಲೆ ಬಗ್ಗಿಸಿದಳು.

ಸಮೀಕ್ಷಾ ತನ್ನ ಕೈಯನ್ನು ಮಾತ್ರ ಎತ್ತಿದ್ದಳು. ಅಪ್ಪನ ಬಗ್ಗೆ ಒಂದಕ್ಷರವನ್ನೂ ಆಡಿರಲಿಲ್ಲ. ಅವನ ಪಾಲಿನದನ್ನು ಅವನಿಗೇ ಬಿಟ್ಟಿದ್ದಳು.

ಇಷ್ಟು ಹೊತ್ತಿಗೆ ಎಲ್ಲರ ಕಣ್ಣೂ ಕೃಷ್ಣಪ್ರಸಾದನ ಮೇಲೆ ಬಿದ್ದಿತ್ತು. ಅವನ ಮೈಕು ಎಡಗೈಯಲ್ಲಿತ್ತು. ಮೈಕನ್ನು ಬಲಗೈಗೆ ಬದಲಾಯಿಸಿಕೊಂಡು, ಎಡಗೈ ಎತ್ತಿ, "ನನಗೆ ಬಿತ್ತು" ಅಂದ. ಆ ಮಾತಿನ ಅರ್ಥ ತಿಳಿಯಬೇಕಾದವಳು ಆ ಸಭೆಯಲ್ಲಿ ಒಬ್ಬಳೇ. ಸಮೀಕ್ಷಾ ಆಗಲೇ ಮೆಟ್ಟಿಲು ಇಳಿದು, ಮುಂದಿನ ಸಾಲಿನಲ್ಲಿ ಅಚಿಯೆಂಗಳ ಪಕ್ಕದಲ್ಲಿ ಹೋಗಿ ಕೂತು, ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ. ಕೃಷ್ಣಪ್ರಸಾದ ಕೈ ಇಳಿಸದೆ ಹಾಗೇ ನಿಂತಿದ್ದ.